ಧೂಳು ನುಂಗುವ ಯಂತ್ರಕ್ಕೇ ಧೂಳು ಹಿಡಿದಾಗ...

ಆಯುಧಪೂಜೆ ಹತ್ತಿರ ಬಂತೆಂದರೆ ಊರಿನ ಅಟ್ಟಗಳಿಗೆಲ್ಲ ಏಣಿ ಬೀಳುತ್ತದೆ. ಒಡೆದ ತೊಟ್ಟಿಲು, ಕಾಲು ಮುರಿದ ಕುರ್ಚಿ, ಸೀಮೆಎಣ್ಣೆ ಸ್ಟವ್, ಮದುವೆಯಲ್ಲಿ ಉಡುಗೊರೆ ಬಂದ ನಾಲ್ಕನೇ ಗೋಡೆ ಗಡಿಯಾರ ಎಲ್ಲವೂ ಒಂದೊಂದಾಗಿ ಕೆಳಗಿಳಿಯುತ್ತವೆ. ಕೆಲವು ಮನೆಗಳಲ್ಲಿ ಇವುಗಳ ಹಿಂದೆ ಇನ್ನೊಂದು ಸಾಮಾನೂ ಇಳಿಯುತ್ತದೆ. ಹೊಟ್ಟೆ ಉಬ್ಬಿದ ಡಬ್ಬ, ಅದಕ್ಕೆ ಆನೆ ಸೊಂಡಿಲಿನಂಥ ಪೈಪು, ಪೈಪಿನ ತುದಿಗೆ ಅಗಲವಾದ ಬಾಯಿ. ವ್ಯಾಕ್ಯೂಮ್ ಕ್ಲೀನರ್!

‘ಮಾವ, ಇದನ್ಯಾಕೆ ಇನ್ನೂ ಇಟ್ಕೊಂಡಿದೀರಿ? ಗುಜರಿಗೆ ಹಾಕೋಣ’ ಎನ್ನುತ್ತಾಳೆ ಸೊಸೆ. ‘ಇರಲಿ ಬಿಡಮ್ಮ, ಆ ಕಾಲಕ್ಕೆ ಕಂತು ಕಟ್ಟಿ ತಗೊಂಡದ್ದು’ ಎನ್ನುತ್ತಾರೆ ಮಾವನವರು. ಕೊನೆಗೆ ಗೆಲ್ಲುವುದು ಗುಜರಿಯೇ. ತಕ್ಕಡಿಯ ಮೇಲೆ ಕೂತ ಯಂತ್ರಕ್ಕೆ ಹೆಸರಿಲ್ಲ, ವಯಸ್ಸಿಲ್ಲ. ಪ್ಲಾಸ್ಟಿಕ್ ಎಷ್ಟು, ಕಬ್ಬಿಣ ಎಷ್ಟು, ಒಳಗಿನ ತಾಮ್ರ ಎಷ್ಟು, ಅಷ್ಟೇ ಲೆಕ್ಕ.

ಇದೇ ಜಾತಿಯ ಹಳೇ ಯಂತ್ರಕ್ಕಾಗಿ ಇಂಗ್ಲೆಂಡ್, ಅಮೆರಿಕಗಳಲ್ಲಿ ಜನ ಊರೂರು ಅಲೆಯುತ್ತಾರೆ ಎಂದರೆ ನಂಬುತ್ತೀರಾ? ಹರಾಜು ಕಟ್ಟೆಗೆ ಹೋಗಿ ಕೂಗುತ್ತಾರೆ. ಸತ್ತವರ ಮನೆಯ ಸಾಮಾನು ಮಾರಾಟಕ್ಕೆ ಬೆಳಿಗ್ಗೆಯೇ ಹೋಗಿ ಸಾಲು ನಿಲ್ಲುತ್ತಾರೆ. ತಂದದ್ದನ್ನು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಮತ್ತೆ ಗುಂಯ್ ಎನ್ನಿಸಿ ಕಪಾಟಿನಲ್ಲಿ ಸಾಲಾಗಿ ಇಡುತ್ತಾರೆ. ಅಮೆರಿಕದಲ್ಲಿ ಇಂಥವರದೇ ಒಂದು ಸಂಘವಿದೆ. ಸಮ್ಮೇಳನ ನಡೆಸಿ, ಯಾರ ಯಂತ್ರ ಚೆನ್ನಾಗಿ ಧೂಳು ಎಳೆಯುತ್ತದೆ ಎಂದು ಪಂದ್ಯ ಕಟ್ಟುತ್ತಾರೆ. ಮಿಸೌರಿ ರಾಜ್ಯದ ಸೇಂಟ್ ಜೇಮ್ಸ್ ಎಂಬ ಸಣ್ಣ ಊರಿನಲ್ಲಿ ಇದಕ್ಕಾಗಿಯೇ ಒಂದು ಮ್ಯೂಸಿಯಂ ಎದ್ದಿತು.

‘ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ’ ಎಂದು ನಗುವವರು ನಗಲಿ. ಆದರೆ ಕಥೆ ಅಷ್ಟು ಹಗುರವಲ್ಲ.

ಕರವಸ್ತ್ರದ ಪರೀಕ್ಷೆ

1901ರ ಲಂಡನ್. ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಜಿನಿಯರು ಒಂದು ಪ್ರದರ್ಶನಕ್ಕೆ ಹೋದ. ಈತ ಸಾಮಾನ್ಯನಲ್ಲ. ನಮ್ಮ ಜಾತ್ರೆಗಳಲ್ಲಿ ತಿರುಗುತ್ತದಲ್ಲ, ಅಂಥ ರಾಟೆ ತೊಟ್ಟಿಲಿನ ಅಪ್ಪನಂಥ ಭಾರಿ ಚಕ್ರಗಳ ಲೆಕ್ಕ ಹಾಕಿದವನು. ಪ್ರದರ್ಶನದಲ್ಲಿ ರೈಲು ಡಬ್ಬಿ ಶುಚಿ ಮಾಡುವ ಅಮೆರಿಕದ ಯಂತ್ರವೊಂದಿತ್ತು. ಅದು ಜೋರಾಗಿ ಗಾಳಿ ಊದುತ್ತಿತ್ತು. ಧೂಳು ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಕೂರುತ್ತಿತ್ತು. ‘ಊದುವ ಬದಲು ಹೀರಬಾರದೇ?’ ಎಂದು ಬೂತ್ ಕೇಳಿದ. ಯಂತ್ರದವನು ಅದು ಆಗದ ಮಾತು ಎಂದು ಸಿಡುಕಿ ಎದ್ದುಹೋದನಂತೆ.

ಬೂತ್ ಬಿಡಲಿಲ್ಲ. ಹೋಟೆಲೊಂದರಲ್ಲಿ ಮೆತ್ತನೆ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ, ಬಾಯಿಟ್ಟು ಜೋರಾಗಿ ಹೀರಿದ. ಕೆಮ್ಮು ಬಂದು ಉಸಿರು ಕಟ್ಟಿತು. ಆದರೆ ಕರವಸ್ತ್ರದ ಅಡಿಯಲ್ಲಿ ಕರಿ ಕಲೆ ಮೂಡಿತ್ತು. ಅಷ್ಟೇ ಸಾಕಾಯಿತು.

ಅವನು ಕಟ್ಟಿದ ಮೊದಲ ಯಂತ್ರ ಮನೆಯೊಳಗೆ ಹೋಗುವಂಥದ್ದಲ್ಲ. ಕುದುರೆ ಎಳೆಯುವ ಬಂಡಿಯ ಮೇಲೆ ಎಂಜಿನ್ನು, ಪಂಪು. ಬಂಡಿ ಬೀದಿಯಲ್ಲಿ ನಿಲ್ಲುತ್ತಿತ್ತು, ಉದ್ದನೆ ಪೈಪುಗಳು ಕಿಟಕಿಯಿಂದ ಒಳಗೆ ಹೋಗುತ್ತಿದ್ದವು. ಸದ್ದಿಗೆ ದಾರಿಯ ಕುದುರೆಗಳು ಬೆದರುತ್ತಿದ್ದವು. ಸಾಹುಕಾರರ ಮನೆಗಳಲ್ಲಿ ಟೀ ಕುಡಿಯುತ್ತ ಧೂಳು ಹೋಗುವ ಚಂದ ನೋಡಲು ನೆಂಟರನ್ನು ಕರೆಯುತ್ತಿದ್ದರಂತೆ. 1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯ ಜಮಖಾನೆ ಶುಚಿ ಮಾಡಿದ್ದು ಇದೇ ಯಂತ್ರ. ಆಮೇಲೆ ಅರಮನೆಯಿಂದಲೇ ಆರ್ಡರು ಬಂತು.

ಕೆಮ್ಮಿದವನು ಕಂಡುಹಿಡಿದದ್ದು

ದೊರೆಗಳ ಯಂತ್ರವನ್ನು ಗೃಹಿಣಿಯ ಕೈಗೆ ಕೊಟ್ಟವನು ಮಾತ್ರ ಒಬ್ಬ ಜಾಡಮಾಲಿ. ಹೆಸರು ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅಮೆರಿಕದ ಒಹಾಯೋ ರಾಜ್ಯದ ಕ್ಯಾಂಟನ್ ಊರಿನಲ್ಲಿ ಒಂದು ದೊಡ್ಡ ಅಂಗಡಿಯ ನೆಲ ಗುಡಿಸುವುದು ಅವನ ರಾತ್ರಿ ಕೆಲಸ. ವಯಸ್ಸು ಅರವತ್ತರ ಹತ್ತಿರ. ಹಿಂದೆ ಬೇಸಾಯದ ಯಂತ್ರಗಳನ್ನು ಮಾಡಲು ಹೋಗಿ ಕೈ ಸುಟ್ಟುಕೊಂಡವನು. ಮೇಲೆ ಉಬ್ಬಸ. ಗುಡಿಸಿದರೆ ಧೂಳು, ಧೂಳಿಗೆ ಕೆಮ್ಮು, ಕೆಮ್ಮಿದರೆ ಕೆಲಸ ಸಾಗದು. ಕೆಲಸ ಬಿಟ್ಟರೆ ಹೊಟ್ಟೆಗಿಲ್ಲ.

1907ರಲ್ಲಿ ಅವನು ಫ್ಯಾನಿನ ಮೋಟಾರು, ಒಂದು ಪೆಟ್ಟಿಗೆ, ಪೊರಕೆಯ ಹಿಡಿ, ತಿರುಗುವ ಬ್ರಷ್ಷು ಸೇರಿಸಿದ. ಧೂಳು ಹಿಡಿಯಲು ಹಿಂದೆ ಕಟ್ಟಿದ್ದು ತಲೆದಿಂಬಿನ ಚೀಲ! 1908ರ ಜೂನ್ 2ರಂದು ಅದಕ್ಕೆ ಪೇಟೆಂಟು ಸಿಕ್ಕಿತು. ಮಾಡಿ ಮಾರಲು ಮಾತ್ರ ಕಾಸಿರಲಿಲ್ಲ.

ಪಕ್ಕದ ಊರಿನಲ್ಲಿ ಹೂವರ್ ಎಂಬ ಕುಟುಂಬ ಕುದುರೆ ಜೀನು, ಚರ್ಮದ ಸಾಮಾನಿನ ವ್ಯಾಪಾರ ಮಾಡುತ್ತಿತ್ತು. ಮೋಟಾರು ಕಾರು ಬಂದು ಕುದುರೆಯ ಕಾಲ ಮುಗಿಯುತ್ತಿತ್ತು. ಆ ಮನೆಯ ಗೃಹಿಣಿ ಸೂಸನ್ ಹೂವರ್ ಸ್ಪ್ಯಾಂಗ್ಲರನ ಯಂತ್ರವನ್ನು ಬಳಸಿ ನೋಡಿ ಗಂಡನಿಗೆ ಹೇಳಿದಳು. ಗಂಡ ಪೇಟೆಂಟು ಕೊಂಡ. ಜೀನು ಹೊಲಿಯುತ್ತಿದ್ದ ಕಾರ್ಖಾನೆಯ ಒಂದು ಮೂಲೆಯಲ್ಲಿ ಕೆಲಸ ಶುರುವಾಯಿತು. ‘ಹತ್ತು ದಿನ ಮನೆಯಲ್ಲಿಟ್ಟು ನೋಡಿ, ಆಮೇಲೆ ಮಾತು’ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಕೇಳಿದವರಿಗೆ ನೇರ ಕಳಿಸದೆ ಅವರೂರಿನ ಅಂಗಡಿಯವನ ಮೂಲಕವೇ ತಲುಪಿಸಿದರು. ಅಂಗಡಿಯವನಿಗೆ ಕಮಿಷನ್ನೂ ಸಿಕ್ಕಿತು, ಏಜೆನ್ಸಿಯೂ ಸಿಕ್ಕಿತು. ಪೇಟೆ ಬೀದಿಯ ನಮ್ಮ ವರ್ತಕರು ಇದನ್ನು ಗಮನಿಸಬೇಕು.

ಮುಂದೆ ಇಂಗ್ಲೆಂಡಿನಲ್ಲಿ ‘ಹೂವರ್ ಮಾಡು’ ಎಂದರೆ ‘ಗುಡಿಸು’ ಎಂದೇ ಅರ್ಥವಾಯಿತು. ಸ್ಪ್ಯಾಂಗ್ಲರನಿಗೆ ರಾಯಲ್ಟಿ ಬರುತ್ತಿತ್ತು. 1915ರಲ್ಲಿ ಅವನು ತೀರಿಕೊಂಡ. ಕೆಮ್ಮಿದವನ ಹೆಸರು ಯಂತ್ರದ ಮೇಲೆ ಉಳಿಯಲಿಲ್ಲ, ಕಾಸು ಹಾಕಿದವನ ಹೆಸರು ಉಳಿಯಿತು. ಲೋಕ ಇರುವುದೇ ಹಾಗೆ.

ಸಂಗ್ರಹಕಾರರಿಗೆ ಈ ಮೊದಮೊದಲ ಹೂವರ್‌ಗಳೆಂದರೆ ದೇವರ ಪಟವಿದ್ದಂತೆ. ಆಮೇಲಿನದಕ್ಕೂ ಬೇಡಿಕೆಯಿದೆ. 1921ರಲ್ಲಿ ಸ್ವೀಡನ್ನಿನ ಎಲೆಕ್ಟ್ರೊಲಕ್ಸ್ ಕಂಪನಿ ನೆಲದ ಮೇಲೆ ಜಾರುವ ಉದ್ದ ಡಬ್ಬದ ಮಾದರಿ ತಂದಿತು. 1936ರಲ್ಲಿ ಹೆನ್ರಿ ಡ್ರೈಫಸ್ ಎಂಬ ಹೆಸರಾಂತ ವಿನ್ಯಾಸಕಾರ ಹೂವರ್ 150ಕ್ಕೆ ರೂಪ ಕೊಟ್ಟ. 1950ರ ದಶಕದಲ್ಲಿ ಚೆಂಡಿನಾಕಾರದ ‘ಕಾನ್‌ಸ್ಟೆಲೇಶನ್’ ಬಂತು. ಹೊರಗೆ ಬಿಡುವ ಗಾಳಿಯ ಮೇಲೆ ತಾನೇ ತೇಲಿಕೊಂಡು ಹೋಗುತ್ತಿತ್ತು! ಇವೆಲ್ಲ ಇವತ್ತಿಗೂ ಓಡುತ್ತವೆ, ಓಡಿಸುವವರು ಇದ್ದರೆ.

ಕೊಟ್ಟೋನು ಕೋಡಂಗಿ

ಅಂಗಡಿ ಇಟ್ಟವರೆಲ್ಲ ಓದಲೇಬೇಕಾದ ಅಧ್ಯಾಯವೊಂದು ಇದರಲ್ಲಿದೆ. 1992ರಲ್ಲಿ ಇಂಗ್ಲೆಂಡಿನ ಹೂವರ್ ಕಂಪನಿಯ ಗೋದಾಮಿನಲ್ಲಿ ಸರಕು ಕೂತುಬಿಟ್ಟಿತ್ತು. ಮಾರಾಟಗಾರರಿಗೆ ಒಂದು ಉಪಾಯ ಹೊಳೆಯಿತು. ನೂರು ಪೌಂಡಿನ ಸಾಮಾನು ಕೊಳ್ಳಿ, ವಿಮಾನದ ಎರಡು ಟಿಕೆಟ್ಟು ಪುಕ್ಕಟೆ! ಮೊದಲು ಯೂರೋಪಿಗೆ, ಆಮೇಲೆ ಅಮೆರಿಕಕ್ಕೆ. ಅರ್ಜಿ, ಷರತ್ತು, ವಾಯಿದೆ ಎಂದು ಸುತ್ತಾಡಿಸಿದರೆ ಅರ್ಧ ಜನ ಬೇಸತ್ತು ಬಿಟ್ಟುಬಿಡುತ್ತಾರೆ ಎಂಬ ಲೆಕ್ಕಾಚಾರ.

ಜನ ಬಿಡಲಿಲ್ಲ. ಟಿಕೆಟ್ಟಿನ ಬೆಲೆಯ ಮುಂದೆ ಕ್ಲೀನರಿನ ಬೆಲೆ ಯಾವ ಲೆಕ್ಕ? ಮನೆಯಲ್ಲಿ ಒಂದಿದ್ದವರೂ ಇನ್ನೊಂದು ಕೊಂಡರು. ಎರಡು ಲಕ್ಷಕ್ಕೂ ಹೆಚ್ಚು ಜನ ವಿಮಾನ ಹತ್ತಿದರು. ಟಿಕೆಟ್ಟು ಸಿಗದ ಒಬ್ಬ ಗಿರಾಕಿ, ರಿಪೇರಿಗೆ ಬಂದ ಕಂಪನಿಯ ವ್ಯಾನಿಗೆ ತನ್ನ ವಾಹನ ಅಡ್ಡ ನಿಲ್ಲಿಸಿ ಹಿಡಿದಿಟ್ಟುಕೊಂಡ. ಕೇಸುಗಳು ವರ್ಷಗಟ್ಟಲೆ ನಡೆದವು. ಕಂಪನಿಗೆ ಸುಮಾರು 5 ಕೋಟಿ ಪೌಂಡು ಕೈಬಿಟ್ಟಿತು. ದೊಡ್ಡ ಅಧಿಕಾರಿಗಳು ಮನೆಗೆ ಹೋದರು. 1995ರಲ್ಲಿ ಯೂರೋಪಿನ ವ್ಯಾಪಾರವನ್ನೇ ಇಟಲಿಯ ಕ್ಯಾಂಡಿ ಕಂಪನಿಗೆ ಮಾರಬೇಕಾಯಿತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದರೆ ಇದೇ ತಾನೇ!

ಅತ್ತ ಅಮೆರಿಕದಲ್ಲೂ ಕಥೆ ಮುಗಿಯಿತು. ಕಂಪನಿ ಕೈಯಿಂದ ಕೈಗೆ ಮಾರಾಟವಾಗಿ, ಶುರುವಾದ ಊರಿನಲ್ಲೇ ಇದ್ದ ಕಾರ್ಖಾನೆಗೆ 2007ರಲ್ಲಿ ಬೀಗ ಬಿತ್ತು. ಲಂಡನ್ನಿನ ಪೆರಿವೇಲ್‌ನಲ್ಲಿದ್ದ ಅರಮನೆಯಂಥ ಹೂವರ್ ಕಟ್ಟಡ ಅದಕ್ಕೂ ಮೊದಲೇ ಕೈಬದಲಾಗಿ, ಸೂಪರ್ ಮಾರ್ಕೆಟ್ಟೂ ವಾಸದ ಫ್ಲಾಟುಗಳೂ ಆಯಿತು.

ಸಂಗ್ರಹಕಾರನ ಬೆಲೆ ತಿಳಿಯುವುದು ಇಲ್ಲೇ. ಕಾರ್ಖಾನೆ ಮುಚ್ಚಿದ ಮೇಲೆ ಬೆಲ್ಟು ಯಾರು ಕೊಡಬೇಕು? ಚೀಲ ಯಾರು ಹೊಲಿಯಬೇಕು? 1938ರ ಮೋಟಾರಿಗೆ ಯಾವ ಅಳತೆಯ ಕಾರ್ಬನ್ನು ಎಂದು ಯಾರನ್ನು ಕೇಳಬೇಕು? ಕಂಪನಿ ಮರೆತ ಲೆಕ್ಕವನ್ನು ಬರೆದಿಟ್ಟುಕೊಂಡವರು ಈ ಹುಚ್ಚರೇ. ಒಂದು ಯಂತ್ರ ಉಳಿಸಲು ಎರಡು ಸತ್ತ ಯಂತ್ರಗಳ ಬಿಡಿಭಾಗ ಕೂಡಿಡುತ್ತಾರೆ. ಒಬ್ಬರಲ್ಲಿ ಇಲ್ಲದ್ದನ್ನು ಇನ್ನೊಬ್ಬರು ಅಂಚೆಯಲ್ಲಿ ಕಳಿಸುತ್ತಾರೆ.

ಟೈ ಕಟ್ಟಿದ ಹುಡುಗರು

ನಮ್ಮ ಕಡೆ ಈ ಯಂತ್ರ ಮನೆಮಾತಾದದ್ದು 1982ರ ಮೇಲೆ. ಟಾಟಾ ಬಳಗದ ಫೋರ್ಬ್ಸ್ ಕಂಪನಿ ಸ್ವೀಡನ್ನಿನ ಎಲೆಕ್ಟ್ರೊಲಕ್ಸ್ ಜೊತೆ ಸೇರಿ ಯುರೇಕಾ ಫೋರ್ಬ್ಸ್ ಶುರು ಮಾಡಿತು. ‘ಯೂರೋಕ್ಲೀನ್’ ಬಂತು. ಅಂಗಡಿಯಲ್ಲಿಟ್ಟು ಮಾರುವ ಬದಲು ಟೈ ಕಟ್ಟಿದ ಹುಡುಗರು ಬಾಗಿಲು ತಟ್ಟಿದರು. ಕಂಪನಿ ಅವರಿಗಿಟ್ಟ ಹೆಸರು ಯೂರೋಚಾಂಪ್.

ಬೇಡವೆಂದರೂ ಒಳಗೆ ಬಂದು ನಯವಾಗಿ ಮಾತಾಡಿ, ‘ಅಮ್ಮಾ, ಒಂದು ನಿಮಿಷ’ ಎಂದು ಹಾಸಿಗೆಯ ಮೇಲೆ ಯಂತ್ರ ಓಡಿಸಿ, ಬಂದ ಧೂಳನ್ನು ಎದುರಿಗೇ ಸುರಿದರೆ ಗೃಹಿಣಿಗೆ ನಾಚಿಕೆ. ‘ನಾವು ಇದರ ಮೇಲೆ ಮಲಗ್ತಿದ್ವಾ!’ ಅಲ್ಲಿಗೆ ಅರ್ಧ ವ್ಯಾಪಾರ ಮುಗಿದಂತೆ. ಬಿ.ಎ., ಬಿ.ಕಾಂ. ಮಾಡಿ ಕೆಲಸವಿಲ್ಲದೆ ಕೂತಿದ್ದ ಎಷ್ಟೋ ಹುಡುಗರು ವ್ಯಾಪಾರದ ಮೊದಲ ಪಾಠ ಕಲಿತದ್ದು ಹೀಗೆ ಬಾಗಿಲು ತಟ್ಟಿಯೇ.

ಕೊಂಡದ್ದೇನೋ ಸರಿ. ಆದರೆ ನಮ್ಮದು ಕಾರೆ ನೆಲ, ರೆಡ್ ಆಕ್ಸೈಡ್ ನೆಲ, ಕಡಪ ಕಲ್ಲಿನ ನೆಲ. ಪೊರಕೆಯಲ್ಲಿ ಗುಡಿಸಿ, ನೀರು ಹಾಕಿ ಒರೆಸಿದರೆ ಕನ್ನಡಿ. ಆ ಯಂತ್ರ ಹುಟ್ಟಿದ್ದು ಗೋಡೆಯಿಂದ ಗೋಡೆಗೆ ಜಮಖಾನೆ ಹಾಸುವ ಚಳಿ ದೇಶಕ್ಕೆ. ನಮ್ಮಲ್ಲಿ ಸೋಫಾಕ್ಕೆ, ಫ್ಯಾನಿಗೆ, ಜೇಡರ ಬಲೆಗೆ ಹಬ್ಬಕ್ಕೊಮ್ಮೆ ಇಳಿಯಿತು. ಆಮೇಲೆ ಡಬ್ಬ ಸೇರಿ ಅಟ್ಟ ಹತ್ತಿತು. ಕಡಿಮೆ ಓಡಿದ್ದರಿಂದಲೇ ಅವುಗಳಲ್ಲಿ ಎಷ್ಟೋ ಇವತ್ತಿಗೂ ಗಟ್ಟಿಯಾಗಿವೆ.

ಮಿಕ್ಸಿಯ ಅಣ್ಣ

‘ಇದರ ರಿಪೇರಿ ಯಾರಿಗೆ ಬರುತ್ತೆ ಸ್ವಾಮಿ?’ ಎಂದು ಕೇಳುವವರಿಗೆ ಒಂದು ಗುಟ್ಟು. ಇದರ ಹೊಟ್ಟೆಯಲ್ಲಿರುವ ಮೋಟಾರೂ ನಿಮ್ಮ ಅಡಿಗೆಮನೆಯ ಮಿಕ್ಸಿಯ ಮೋಟಾರೂ ಒಂದೇ ಜಾತಿ. ಮಿಕ್ಸಿಯಲ್ಲಿ ಬ್ಲೇಡು ತಿರುಗುತ್ತದೆ, ಇದರಲ್ಲಿ ಫ್ಯಾನು ತಿರುಗುತ್ತದೆ. ಫ್ಯಾನು ಒಳಗಿನ ಗಾಳಿಯನ್ನು ಹೊರದಬ್ಬುತ್ತದೆ. ಒಳಗೆ ಒತ್ತಡ ಕಡಿಮೆಯಾದಾಗ ಹೊರಗಿನ ಗಾಳಿ ಪೈಪಿನಿಂದ ನುಗ್ಗುತ್ತದೆ, ಬರುವಾಗ ಧೂಳನ್ನೂ ಎಳೆದು ತರುತ್ತದೆ. ಎಳನೀರನ್ನು ಸ್ಟ್ರಾದಲ್ಲಿ ಹೀರಿದ ಹಾಗೆ. ದಾರಿಯಲ್ಲಿ ಬಟ್ಟೆಯದೋ ಕಾಗದದ್ದೋ ಚೀಲ. ಗಾಳಿ ಪಾರಾಗುತ್ತದೆ, ಧೂಳು ಸಿಕ್ಕಿಬೀಳುತ್ತದೆ. ಇಷ್ಟೇ ವಿದ್ಯೆ.

ಬಲ್ಲವರು ಮಾಡುವ ಕ್ರಮ ಹೀಗೆ. ವರ್ಷಗಟ್ಟಲೆ ಕೂತ ಯಂತ್ರವನ್ನು ತಂದ ಕೂಡಲೇ ಪ್ಲಗ್ಗಿಗೆ ಹಾಕುವುದಿಲ್ಲ. ಮೊದಲು ವೈರು ನೋಡುತ್ತಾರೆ. ಹಳೇ ರಬ್ಬರಿನ ವೈರು ಬಗ್ಗಿಸಿದರೆ ಹಪ್ಪಳದಂತೆ ಮುರಿಯುತ್ತದೆ. ಮುರಿದರೆ ಪೂರ್ತಿ ಬದಲು, ಟೇಪು ಸುತ್ತುವ ಮಾತೇ ಇಲ್ಲ. ಆಮೇಲೆ ಫ್ಯಾನನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾರೆ. ಗಟ್ಟಿಯಾಗಿದ್ದರೆ ಬೇರಿಂಗಿನ ಗ್ರೀಸು ಮೇಣವಾಗಿದೆ ಎಂದರ್ಥ. ಬೇರಿಂಗು ಹೊರತೆಗೆದು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಸ ಗ್ರೀಸು ತುಂಬಬೇಕು.

ಮುಂದೆ ಕಾರ್ಬನ್ನು. ಮೋಟಾರಿನ ಎರಡು ಬದಿಯಿಂದ ಸ್ಪ್ರಿಂಗು ಒತ್ತಿ ಹಿಡಿದಿರುವ ಎರಡು ಕರಿ ತುಂಡುಗಳಿವೆ. ಸವೆದು ಗಿಡ್ಡವಾದರೆ ಕಿಡಿ ಹಾರುತ್ತದೆ, ಸುಟ್ಟ ವಾಸನೆ ಬರುತ್ತದೆ. ಸಕಾಲದಲ್ಲಿ ಈ ಸಣ್ಣ ತುಂಡು ಬದಲಿಸಿದರೆ ಮೋಟಾರು ಉಳಿಯಿತು. ಅಸಡ್ಡೆ ಮಾಡಿದರೆ ಕಾರ್ಬನ್ನು ಉಜ್ಜುವ ತಾಮ್ರದ ಬಳೆ, ಅಂದರೆ ಕಮ್ಯುಟೇಟರು, ಗೀರಿ ಹಾಳಾಗುತ್ತದೆ. ಅದು ಕಪ್ಪಾಗಿದ್ದರೆ ನಯವಾದ ಗ್ಲಾಸ್ ಪೇಪರಿನಲ್ಲಿ ಹಗುರವಾಗಿ ಉಜ್ಜಬೇಕು. ಎಮರಿ ಕಾಗದ ಕೂಡದು. ಅದರ ಪುಡಿ ತಾಮ್ರದ ಪಟ್ಟಿಗಳ ನಡುವೆ ಕೂತು ಶಾರ್ಟ್ ಮಾಡೀತು.

ಇಷ್ಟಾದ ಮೇಲೆ ಪ್ರತಿ ರಿಪೇರಿ ಅಂಗಡಿಯಲ್ಲೂ ನೇತಾಡುವ ಸೀರೀಸ್ ಬಲ್ಬಿನ ಮೂಲಕ ಕರೆಂಟು ಕೊಡುತ್ತಾರೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ಸುಳಿವು ಕೊಡುತ್ತದೆ. ಫ್ಯೂಸು ಹಾರುವುದಿಲ್ಲ, ಮೋಟಾರೂ ಸುಡುವುದಿಲ್ಲ.

ಪೈಪು ಇನ್ನೊಂದು ತಲೆನೋವು. ಕೂದಲೆಳೆಯಷ್ಟು ಬಿರುಕಿದ್ದರೂ ಗಾಳಿ ಅಲ್ಲಿಂದಲೇ ನುಗ್ಗಿ ಬಾಯಿಯಲ್ಲಿ ಸೆಳೆತ ಇರುವುದಿಲ್ಲ. ಚೀಲ ತುಂಬಿದರೂ ಅಷ್ಟೇ. ಮೋಟಾರಿನ ಸದ್ದು ಇದ್ದಕ್ಕಿದ್ದಂತೆ ಕೀರಲಾದರೆ ಎಲ್ಲೋ ಗಾಳಿ ಕಟ್ಟಿದೆ ಎಂದು ತಿಳಿಯಬೇಕು. ಎಷ್ಟೋ ಮಾದರಿಗಳಲ್ಲಿ ಮೋಟಾರನ್ನು ತಣ್ಣಗಿಡುವುದೂ ಅದೇ ಗಾಳಿ. ಹಾಗೇ ಓಡಿಸಿದರೆ ಕಾಯ್ದು ಸುಡುತ್ತದೆ. ಹಳೇ ನಿಲುವು ಮಾದರಿಗಳಲ್ಲಿ ಧೂಳು ಫ್ಯಾನಿನ ಮೂಲಕವೇ ಹಾದು ಚೀಲಕ್ಕೆ ಹೋಗುತ್ತದೆ. ನೆಲದ ಮೇಲೆ ಬಿದ್ದ ಒಂದು ರೂಪಾಯಿ ನಾಣ್ಯ ಒಳಗೆ ಹೋದರೆ ಫ್ಯಾನಿನ ರೆಕ್ಕೆಯೇ ಮುರಿದೀತು.

ಇನ್ನು ವಾಟಿನ ಜಂಬ. ‘ಎರಡು ಸಾವಿರ ವಾಟು ಸಾರ್’ ಎಂದು ಮಾರುವವರಿದ್ದಾರೆ. ವಾಟು ಹೇಳುವುದು ಎಷ್ಟು ಕರೆಂಟು ತಿನ್ನುತ್ತದೆ ಎಂದು, ಎಷ್ಟು ಧೂಳು ಎಳೆಯುತ್ತದೆ ಎಂದಲ್ಲ. ಯೂರೋಪಿಯನ್ ಒಕ್ಕೂಟ 2014ರಲ್ಲಿ 1600 ವಾಟಿಗೆ, 2017ರಲ್ಲಿ 900 ವಾಟಿಗೆ ಮಿತಿ ಹಾಕಿತು. ಯಾರ ಮನೆಯೂ ಕೊಳೆಯಾಗಿ ಉಳಿಯಲಿಲ್ಲ. ಅಜ್ಜಿಯ ಕಾಲದ ಯಂತ್ರಗಳು ಕೆಲವೇ ನೂರು ವಾಟಿನಲ್ಲಿ ಜಮಖಾನೆ ಬಡಿದು ಧೂಳು ಎತ್ತುತ್ತಿದ್ದವು.

ಜೋಕೆ!

ದೀಪ ನಮ್ಮದೇ ಎಂದು ಮುತ್ತಿಕ್ಕಿದರೆ ಮೀಸೆ ಸುಡದೆ ಇದ್ದೀತೇ? ಹಳೇ ಯಂತ್ರದ ಮೇಲಿನ ಪ್ರೀತಿ ಪ್ರಾಣಕ್ಕೆ ಬರಬಾರದು. 1930–40ರ ದಶಕದ ಅನೇಕ ಯಂತ್ರಗಳಿಗೆ ಮೈ ಪೂರ್ತಿ ಲೋಹ, ಎರಡೇ ತಂತಿಯ ವೈರು, ಅರ್ಥಿಂಗ್ ಇಲ್ಲ. ಒಳಗೆ ವೈರು ಬರಿದಾಗಿ ಮೈಗೆ ತಗುಲಿದರೆ, ಹಿಡಿದವನು ಬರಿಗಾಲಲ್ಲಿ ನಿಂತಿದ್ದರೆ ಮುಗಿಯಿತು. ಬಲ್ಲವರು ಮೆಗ್ಗರ್ ಹಿಡಿದು ಇನ್ಸುಲೇಶನ್ ಅಳೆಯದೆ ಇಂಥದ್ದನ್ನು ಮುಟ್ಟುವುದಿಲ್ಲ. ರೇಡಿಯೋಗೆ ಗರಗರ ಬಾರದಿರಲೆಂದು ಹಾಕಿದ ಹಳೇ ಕಂಡೆನ್ಸರು ಕೂಡ ಕೆಟ್ಟು ಮೈಗೆ ಕರೆಂಟು ಬಿಡಬಹುದು. ಅದನ್ನು ಮುಲಾಜಿಲ್ಲದೆ ಬದಲಿಸಬೇಕು.

ಅಮೆರಿಕದಲ್ಲಿರುವ ಮಗನೋ ಅಳಿಯನೋ ಅಲ್ಲಿಯ ಹಳೇ ಯಂತ್ರ ತಂದುಕೊಟ್ಟರೆ ಇನ್ನೂ ಹುಷಾರು. ಅಲ್ಲಿಯ ಕರೆಂಟು 120 ವೋಲ್ಟು, ನಮ್ಮದು 230. ನೇರ ಹಾಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮೋಟಾರು ಹೊಗೆ. ತಕ್ಕ ಸಾಮರ್ಥ್ಯದ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರು ಬೇಕೇ ಬೇಕು.

ತಕ್ಕಡಿಗೆ ಹಾಕುವ ಮುನ್ನ

ಈಗ ಮತ್ತೆ ಗುಜರಿಗೆ ಬರೋಣ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ವ್ಯಾಕ್ಯೂಮ್ ಕ್ಲೀನರೂ ಸೇರಿದೆ. ನೋಂದಾಯಿತ ಮರುಬಳಕೆದಾರರ ಕೈಗೇ ಅದು ಹೋಗಬೇಕು. ಆದರೆ ಊರಾಚೆಯ ಖಾಲಿ ಜಾಗದಲ್ಲಿ ಸಂಜೆ ಹೊತ್ತು ಏಳುವ ಕಪ್ಪು ಹೊಗೆಯನ್ನು ಬಸ್ಸಿನಲ್ಲಿ ಓಡಾಡುವವರು ಕಂಡೇ ಇರುತ್ತಾರೆ. ತಾಮ್ರಕ್ಕಾಗಿ ವೈರಿನ ಪ್ಲಾಸ್ಟಿಕ್ ಸುಡುವ ಹೊಗೆ ಅದು. ವಿಷ. ಸುಡುವವನ ಎದೆಗೂ, ಪಕ್ಕದ ಗುಡಿಸಲಿನ ಮಗುವಿನ ಎದೆಗೂ ಹೋಗುತ್ತದೆ. ಉಬ್ಬಸದವನೊಬ್ಬ ಉಸಿರಾಡಲೆಂದು ಕಂಡುಹಿಡಿದ ಯಂತ್ರ ಕೊನೆಗೆ ಇನ್ನೊಬ್ಬನ ಉಸಿರು ಕಟ್ಟಿಸುತ್ತದೆ.

ಇನ್ನೊಂದು ನಷ್ಟವೂ ಇದೆ. ಪಂಪ್‌ಸೆಟ್ಟಿನ ದೆಸೆಯಿಂದ ನಮ್ಮ ತಾಲ್ಲೂಕು ಕೇಂದ್ರಗಳಲ್ಲೆಲ್ಲ ಮೋಟಾರ್ ವೈಂಡಿಂಗ್ ಅಂಗಡಿಗಳಿವೆ, ಮಿಕ್ಸಿ ರಿಪೇರಿಯವರಿದ್ದಾರೆ. ಸುಟ್ಟ ಆರ್ಮೇಚರಿಗೆ ಸುತ್ತು ಎಣಿಸಿ ಹೊಸ ತಂತಿ ಸುತ್ತುವ ಕೈಗಳು ಅವು. ಅದು ಪುಸ್ತಕದಲ್ಲಿ ಕಲಿಯುವ ವಿದ್ಯೆಯಲ್ಲ, ಹತ್ತಾರು ವರ್ಷ ಕೂತು ಕಣ್ಣು ಕೀಲಿಸಿ ಕಲಿತದ್ದು. ಈಗ ಗಿರಾಕಿ ಬಂದು ‘ಹೊಸದೇ ಎಷ್ಟಾಗುತ್ತೆ?’ ಎಂದು ಕೇಳಿ ಎದ್ದುಹೋಗುತ್ತಾನೆ. ಹೊಸದರ ಮೈಯನ್ನು ಅಂಟಿಸಿ ಮುಚ್ಚಿರುತ್ತಾರೆ, ಬಿಚ್ಚಲು ಸ್ಕ್ರೂ ಇಲ್ಲ. ಕೆಟ್ಟರೆ ಎಸೆ, ಹೊಸದು ತಾ. ‘ರಿಪೇರಿ ನಮ್ಮ ಹಕ್ಕು’ ಎಂಬ ಕೂಗು ಹಲವು ದೇಶಗಳಲ್ಲಿ ಎದ್ದ ಮೇಲೆ ಕೇಂದ್ರ ಸರ್ಕಾರವೂ 2022ರ ಡಿಸೆಂಬರಿನಲ್ಲಿ ಅದಕ್ಕೊಂದು ಪೋರ್ಟಲ್ ತೆರೆಯಿತು. ಪೋರ್ಟಲ್ ಇದ್ದರೆ ಸಾಲದು, ಬಿಚ್ಚಿ ಕೂಡಿಸುವ ಕೈಯೂ ಇರಬೇಕಲ್ಲ!

ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ ಬೂತ್ ಕಂಪನಿಯ ಯಂತ್ರವನ್ನು ಜೋಪಾನವಾಗಿ ಇಟ್ಟಿದ್ದಾರೆ. ನಮಗೆ ಅಂಥ ಮ್ಯೂಸಿಯಂ ಬೇಕೆಂದೇನೂ ಇಲ್ಲ. ಅಟ್ಟದ ಡಬ್ಬ ಇಳಿಸಿದ ದಿನ ಅದನ್ನು ಸೀದಾ ತಕ್ಕಡಿಗೆ ಹಾಕುವ ಮುಂಚೆ ಬೀದಿ ಕೊನೆಯ ಮಿಕ್ಸಿ ರಿಪೇರಿಯವನಿಗೆ ಒಮ್ಮೆ ತೋರಿಸಿದರೆ ಸಾಕು. ಒಂದು ಜೊತೆ ಕಾರ್ಬನ್ನು, ಒಂದು ಚಿಟಿಕೆ ಗ್ರೀಸು, ಒಂದು ಹೊಸ ವೈರು. ಅಷ್ಟಕ್ಕೇ ಎದ್ದು ಕೂತರೆ ಅಂಗಡಿಯ ಕಪಾಟಿಗಾಯಿತು, ಕಾರಿನ ಸೀಟಿಗಾಯಿತು, ಮಾವನವರ ಹಾಸಿಗೆಗಾಯಿತು.

ಏಳದಿದ್ದರೆ ಗುಜರಿಯವನು ಎಲ್ಲಿಗೂ ಹೋಗಿರುವುದಿಲ್ಲ. ನಾಳೆಯೂ ಅದೇ ಬೀದಿಯಲ್ಲಿ ಕೂಗಿಕೊಂಡು ಬರುತ್ತಾನೆ.